ಎದುರಿನ ದ್ವೀಪ ಬಿಟ್ಟುಹೋಗಿದೆ
ಚೀನಾದ ಕರಾವಳಿ ನಗರ ಷಿಯಾಮೆನ್ ಬಗ್ಗೆ ನಿಮ್ಮ ಪ್ರವಾಸ ಲೇಖನ ಓದಿದೆ, ಚೆನ್ನಾಗಿ ಬರೆದಿದ್ದೀರಿ. ಬೀಚು, ಪಕ್ಕದ ಪುಟ್ಟ ದ್ವೀಪ ಗುಲಾಂಗ್ಯೂ, ಅಲ್ಲಿನ ಪಿಯಾನೊ ಮ್ಯೂಸಿಯಂ ಎಲ್ಲಾ ಬಂದಿದೆ. ಆದರೆ ಎದುರಿಗೇ ಕಾಣುವ ಜಿನ್‌ಮೆನ್ ದ್ವೀಪದ ಬಗ್ಗೆ ಒಂದು ಸಾಲೂ ಇಲ್ವಲ್ಲ! ತೀರದಿಂದ ಕೆಲವೇ ಕಿಲೋಮೀಟರ್ ದೂರ, ಆದರೂ ಅದು ತೈವಾನ್ ಆಡಳಿತದಲ್ಲಿದೆ. 1958ರಲ್ಲಿ ಚೀನಾದ ಸೇನೆ ಈ ಕಡೆಯಿಂದ ಅಲ್ಲಿಗೆ ಲಕ್ಷಗಟ್ಟಲೆ ಫಿರಂಗಿ ಶೆಲ್ ಹಾರಿಸಿತು. ಆಮೇಲೆ ದಿನ ಬಿಟ್ಟು ದಿನ ಹಾರಿಸುವ ಲೆಕ್ಕ, ಜಾಸ್ತಿ ಪ್ರಚಾರದ ಕರಪತ್ರ ತುಂಬಿದ ಶೆಲ್‌ಗಳೇ. 1979ರವರೆಗೂ ಅದು ನಿಲ್ಲಲಿಲ್ಲ.

ಜಿನ್‌ಮೆನ್ ಜನ ಸುಮ್ನೆ ಕೂರಲಿಲ್ಲ. ಬಿದ್ದ ಶೆಲ್ಲಿನ ಉಕ್ಕನ್ನು ಕತ್ತರಿಸಿ, ಕುಲುಮೆಯಲ್ಲಿ ಕಾಯಿಸಿ ಬಡಿದು ಅಡುಗೆ ಚಾಕು ಮಾಡಿದರು. 2001ರಲ್ಲಿ ಷಿಯಾಮೆನ್‌ನಿಂದ ಅಲ್ಲಿಗೆ ಫೆರಿ ಶುರುವಾದ ಮೇಲೆ ಚೀನಾದ ಪ್ರವಾಸಿಗರೇ ಹೋಗಿ ಆ ಚಾಕುಗಳನ್ನು ಕೊಂಡರು. ಬಾಂಬು ಹಾಕಿದವರಿಗೇ ಅದನ್ನು ಮಾರುವುದು ಅಂದರೆ ಇದೇ ಅಲ್ವಾ?

ಗುಲಾಂಗ್ಯೂನಲ್ಲಿ ಕಾರಿಲ್ಲ, ಶಾಂತಿಯೋ ಶಾಂತಿ ಅಂದಿದ್ದೀರಿ. ನಿಜ. ಆದರೆ ಅಲ್ಲಿನ ಹೋಟೆಲುಗಳ ಸಾಮಾನು, ಸಿಮೆಂಟು ಎಲ್ಲಾ ಏರು ದಾರಿಯಲ್ಲಿ ಕೈಗಾಡಿ ಎಳೆಯುವವರ ಬೆನ್ನ ಮೇಲೇ ಬಿತ್ತು. ಅವರನ್ನೂ ಸೇರಿಸಬಹುದಿತ್ತು.

ಹೋಗುವವರಿಗೆ ಒಂದು ಮಾತು: ಸೆಪ್ಟೆಂಬರ್ ಬೇಡ, ಚಂಡಮಾರುತದ ಕಾಲ. 2016ರಲ್ಲಿ ಮೆರಾಂಟಿ ಬಂದಾಗ ಊರ ತುಂಬಾ ಮರ ಉರುಳಿ, ಕರೆಂಟೂ ನೀರೂ ಹೋಗಿತ್ತು.