ಸ್ಪಷ್ಟನೆ: ಹತ್ತು ರೂಪಾಯಿ ನಾಣ್ಯ ರದ್ದಾಗಿಲ್ಲ

ನಮ್ಮ ಕಾಲೇಜಿನ ಗೋಡೆ ಪತ್ರಿಕೆಯಲ್ಲಿ ಕಳೆದ ವಾರ ಬಂದ ವಿದ್ಯಾರ್ಥಿ ಲೇಖನವೊಂದು, ₹ ಚಿಹ್ನೆಯಿಲ್ಲದ, ಹದಿನೈದು ಗೆರೆಗಳಿರುವ 10 ರೂಪಾಯಿ ನಾಣ್ಯ ನಕಲಿಯೆಂದೂ ಅದನ್ನು ಸರ್ಕಾರ ಹಿಂಪಡೆದಿದೆಯೆಂದೂ ಬರೆದಿತ್ತು. ಇದು ತಪ್ಪು. ರೂಪಾಯಿ ಚಿಹ್ನೆಗೆ ಮನ್ನಣೆ ದೊರೆತದ್ದೇ 2010ರ ಜುಲೈನಲ್ಲಿ. ಆದ್ದರಿಂದ ಅದಕ್ಕೂ ಮೊದಲು ಟಂಕಿಸಿದ ನಾಣ್ಯಗಳಲ್ಲಿ ಅದು ಇರಲು ಸಾಧ್ಯವಿಲ್ಲ, ಮತ್ತು ಚಿಹ್ನೆ ಸೇರಿದ 2011ರ ವಿನ್ಯಾಸದಲ್ಲಿ ಗೆರೆಗಳು ಹತ್ತಕ್ಕೆ ಇಳಿದವು. ಬೇರೆ ಬೇರೆ ಕಾಲದಲ್ಲಿ ಹೊರಬಂದ 14 ವಿನ್ಯಾಸಗಳೂ ಚಲಾವಣೆಗೆ ಅರ್ಹವೆಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಪ್ರಕಟಣೆ ಹೊರಡಿಸಿದೆ.

ಲೇಖಕನನ್ನಷ್ಟೇ ದೂರಿ ಫಲವಿಲ್ಲ. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಕೊತ್ತಂಬರಿ ಸೂಡಿಗೆ ನಾಣ್ಯ ಚಾಚಿದರೆ, ಮಾರುವಾಕೆ ಅದನ್ನು ತಿರುಗಿಸಿ ನೋಡಿ, ‘ಇದು ನಡೆಯೂದಿಲ್ಲರಿ, ನೋಟ್ ಕೊಡ್ರಿ’ ಎಂದು ಮರಳಿಸುವುದನ್ನು ನಾನೇ ಕಂಡಿದ್ದೇನೆ. ತನ್ನಿಂದ ಮುಂದಿನವರು ಅದನ್ನು ತೆಗೆದುಕೊಳ್ಳಲಾರರೆಂಬುದೇ ಆಕೆಯ ಭಯ, ಅದು ನ್ಯಾಯವಾದದ್ದೇ.

ಒಂದು ಮಿತಿ ಮಾತ್ರ ನಿಜ: 2011ರ ನಾಣ್ಯ ಕಾಯ್ದೆಯಂತೆ, ಒಂದು ರೂಪಾಯಿ ಮತ್ತು ಅದಕ್ಕೂ ಹೆಚ್ಚಿನ ಮುಖಬೆಲೆಯ ನಾಣ್ಯಗಳು ಸಾವಿರ ರೂಪಾಯಿವರೆಗಿನ ಪಾವತಿಗೆ ಕಾನೂನುಬದ್ಧ. ಶುಲ್ಕವನ್ನೆಲ್ಲ ಚಿಲ್ಲರೆಯಲ್ಲೇ ಕಟ್ಟುತ್ತೇನೆಂದು ಹಟ ಹಿಡಿದರೆ ಕೌಂಟರಿನವರು ಒಲ್ಲೆನ್ನಬಹುದು. ತಿದ್ದಿದ ಲೇಖನವನ್ನು ಅದೇ ಜಾಗದಲ್ಲಿ ಅಂಟಿಸಲಾಗಿದೆ.