ಮೂಕಿ ಬೆಟ್ಸ್‌ರನ್ನು ಬಾಸ್ಟನ್ ಬಿಟ್ಟುಕೊಟ್ಟಿದ್ದು ಸರಿಯೇ?

2020ರ ಫೆಬ್ರವರಿಯಲ್ಲಿ ಅಮೆರಿಕದ ಬೇಸ್‌ಬಾಲ್ ತಂಡ ಬಾಸ್ಟನ್ ರೆಡ್ ಸಾಕ್ಸ್ ತನ್ನ ಅತ್ಯುತ್ತಮ ಆಟಗಾರ ಮೂಕಿ ಬೆಟ್ಸ್ ಅವರನ್ನು ಲಾಸ್ ಏಂಜಲೀಸ್ ಡಾಡ್ಜರ್ಸ್‌ಗೆ ಕೊಟ್ಟಿತು. ಜೊತೆಗೆ ಪಿಚರ್ (ಚೆಂಡೆಸೆಯುವವರು) ಡೇವಿಡ್ ಪ್ರೈಸ್ ಕೂಡ ಹೋದರು. ಬದಲಿಗೆ ಮೂವರು ಬಂದರು: ಔಟ್‌ಫೀಲ್ಡರ್ (ಮೈದಾನದ ದೂರದ ಭಾಗ ಕಾಯುವವರು) ಅಲೆಕ್ಸ್ ವರ್ಡೂಗೊ, ಕ್ಯಾಚರ್ (ಬ್ಯಾಟರ್ ಹಿಂದೆ ಚೆಂಡು ಹಿಡಿಯುವವರು) ಕಾನರ್ ವಾಂಗ್, ಮೈನರ್ ಲೀಗ್‌ನಲ್ಲಿದ್ದ (ಹುಡುಗರು ಪಳಗುವ ಕೆಳಹಂತದ ಲೀಗ್) ಜೀಟರ್ ಡೌನ್ಸ್. ಬಾಸ್ಟನ್ ಅಭಿಮಾನಿಗಳ ನಡುವೆ ಈ ಜಗಳ ಇನ್ನೂ ತಣ್ಣಗಾಗಿಲ್ಲ. ಎರಡೂ ಕಡೆಯ ಅಭಿಮಾನಿಗಳ ಮಾತನ್ನು ಒಂದಾದ ಮೇಲೊಂದು ಕೇಳಿ.

ಐಪಿಎಲ್ ನೋಡಿ ಬೆಳೆದವರಿಗೆ ಒಂದು ವಿಷಯ ಮೊದಲೇ ಹೇಳಬೇಕು. ಐಪಿಎಲ್ ಹರಾಜಿನಲ್ಲಿ ಪರ್ಸ್ ಖಾಲಿಯಾದರೆ ಮುಗಿಯಿತು. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಹಾಗಿಲ್ಲ. ಸಂಬಳದ ಒಟ್ಟು ಮೊತ್ತ ಒಂದು ಗೆರೆ ದಾಟಿದರೆ ತಂಡ ತೆರಿಗೆ ಕಟ್ಟಬೇಕು, ಅಷ್ಟೇ. ಇದನ್ನು ಲಕ್ಷುರಿ ಟ್ಯಾಕ್ಸ್ ಅಂತಾರೆ. 2020ರಲ್ಲಿ ಆ ಗೆರೆ 20.8 ಕೋಟಿ ಡಾಲರ್ ಇತ್ತು. ಇನ್ನೊಂದು ನಿಯಮ: ಮೇಜರ್ ಲೀಗ್‌ನಲ್ಲಿ ಆರು ವರ್ಷ ಪೂರೈಸಿದ, ಒಪ್ಪಂದ ಮುಗಿದ ಆಟಗಾರ ಫ್ರೀ ಏಜೆಂಟ್. ಇಷ್ಟ ಬಂದ ತಂಡಕ್ಕೆ ಹೋಗಬಹುದು. ಬೆಟ್ಸ್ ಆ ಹಂತ ಮುಟ್ಟಲು ಒಂದೇ ಸೀಸನ್ ಬಾಕಿ ಇತ್ತು.

ಪರ: ಕೈಯಲ್ಲಿ ಉಳಿದಿದ್ದು ಒಂದೇ ವರ್ಷ

2019ರ ಕೊನೆಯಲ್ಲಿ ತಂಡ ಯಾವ ಸ್ಥಿತಿಯಲ್ಲಿತ್ತು ಅನ್ನೋದನ್ನು ನೋಡಿ. ಹಿಂದಿನ ವರ್ಷ 108 ಪಂದ್ಯ ಗೆದ್ದು ವರ್ಲ್ಡ್ ಸೀರೀಸ್ (ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕೊನೆಯ ಸರಣಿ) ಎತ್ತಿದ ತಂಡ ಅದು. 2019ರಲ್ಲಿ ಇಡೀ ಲೀಗ್‌ನಲ್ಲೇ ಅತಿ ಜಾಸ್ತಿ ಸಂಬಳ ಕೊಟ್ಟಿತು. ಗೆದ್ದಿದ್ದು 84 ಪಂದ್ಯ. ಪ್ಲೇಆಫ್ ಕೂಡ ಸಿಗಲಿಲ್ಲ. ದುಡ್ಡಿನ ದೊಡ್ಡ ಪಾಲು ಪಿಚರ್‌ಗಳ ಮೇಲೆ ಹೋಗಿತ್ತು. ಪ್ರೈಸ್‌ಗೆ ಏಳು ವರ್ಷಕ್ಕೆ 21.7 ಕೋಟಿ ಡಾಲರ್. ಕ್ರಿಸ್ ಸೇಲ್‌ಗೆ ಐದು ವರ್ಷಕ್ಕೆ 14.5 ಕೋಟಿ. ನೇಥನ್ ಇಯೊವಾಲ್ಡಿಗೆ ನಾಲ್ಕು ವರ್ಷಕ್ಕೆ 6.8 ಕೋಟಿ. ಸೇಲ್ ಅವರ ಹೊಸ ಒಪ್ಪಂದ ಶುರುವಾಗಬೇಕಿದ್ದ 2020ರಲ್ಲೇ ಅವರ ಮೊಣಕೈಗೆ ಆಪರೇಷನ್ ಆಯಿತು.

ಮೈನರ್ ಲೀಗ್ ಕೂಡ ಬರಿದಾಗಿತ್ತು. ಸೇಲ್ ಅವರನ್ನು ತರಲು ಯೋಆನ್ ಮೊಂಕಾಡ, ಮೈಕಲ್ ಕೋಪೆಕ್ ಅವರಂಥ ಹುಡುಗರನ್ನು ಆಗಲೇ ಕೊಟ್ಟಿದ್ದರು. 2018ರಲ್ಲಿ ತೆರಿಗೆಯ ಗೆರೆಯನ್ನು ವಿಪರೀತ ದಾಟಿದ್ದಕ್ಕೆ 2019ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ವ್ಯವಸ್ಥೆ) ತಂಡದ ಮೊದಲ ಆಯ್ಕೆ ಹತ್ತು ಸ್ಥಾನ ಕೆಳಗಿಳಿಯಿತು. ತೆರಿಗೆಯ ದರವೂ ಏರುತ್ತಾ ಹೋಗುತ್ತದೆ. ಗೆರೆ ದಾಟಿದ ಮೊತ್ತದ ಮೇಲೆ ಮೊದಲ ವರ್ಷ ಶೇ 20, ಎರಡನೇ ವರ್ಷ ಶೇ 30, ಮೂರನೇ ವರ್ಷದಿಂದ ಶೇ 50. ರೆಡ್ ಸಾಕ್ಸ್ ಮೂರನೇ ವರ್ಷದ ಹೊಸ್ತಿಲಲ್ಲಿತ್ತು. ಒಂದು ವರ್ಷ ಗೆರೆಯ ಕೆಳಗೆ ಇಳಿದರೆ ಲೆಕ್ಕ ಮತ್ತೆ ಮೊದಲಿಂದ ಶುರುವಾಗುತ್ತದೆ.

ಈಗ ಬೆಟ್ಸ್ ವಿಷಯಕ್ಕೆ ಬರೋಣ. ದೀರ್ಘ ಒಪ್ಪಂದದ ಮಾತುಕತೆ ನಡೆದಿತ್ತು. 10 ವರ್ಷಕ್ಕೆ 30 ಕೋಟಿ ಡಾಲರ್ ಕೊಡಲು ತಂಡ ಮುಂದಾಗಿತ್ತು, ಅವರು ಒಪ್ಪಲಿಲ್ಲ ಎಂದು ಆಗ ವರದಿಯಾಗಿತ್ತು. ತಮ್ಮ ಬೆಲೆ ಏನೆಂದು ಮಾರುಕಟ್ಟೆಯಲ್ಲೇ ನೋಡುತ್ತೇನೆ ಅನ್ನೋದು ಅವರ ನಿಲುವು. ಅದು ಅವರ ಹಕ್ಕು. ಅದಕ್ಕಾಗಿ ಅವರನ್ನು ದೂರುವವರ ಜೊತೆ ನಾನಿಲ್ಲ. ಆದರೆ ತಂಡ ಕಟ್ಟುವವರ ಮುಂದೆ ಇದ್ದ ಪ್ರಶ್ನೆ ‘ಮೂಕಿ ಬೇಕಾ, ಬೇಡವಾ’ ಅಂತ ಇರಲಿಲ್ಲ. ಅವರ ಕೊನೆಯ ಒಂದು ವರ್ಷವನ್ನು ಏನು ಮಾಡೋದು ಅಂತ ಇತ್ತು.

ಆ ಒಂದು ವರ್ಷವೂ ಕೋವಿಡ್‌ನಿಂದ 60 ಪಂದ್ಯಕ್ಕೆ ಕುಗ್ಗಿತು. ಸೇಲ್ ಇಲ್ಲ. ಇನ್ನೊಬ್ಬ ಪಿಚರ್ ಎಡ್ವಾರ್ಡೊ ರಾಡ್ರಿಗಸ್‌ಗೆ ಕೋವಿಡ್ ಬಂದು ಹೃದಯದ ಸ್ನಾಯುಗಳು ಊದಿಕೊಂಡವು, ಇಡೀ ಸೀಸನ್ ಆಡಲಿಲ್ಲ. ಬೆಟ್ಸ್ ಇದ್ದಿದ್ದರೂ ಆ ಪಿಚಿಂಗ್ ಇಟ್ಟುಕೊಂಡು ಗೆಲ್ಲೋದು ಆಗದ ಮಾತು. ಸೀಸನ್ ಮುಗಿದ ಮೇಲೆ ಅವರು ಫ್ರೀ ಏಜೆಂಟ್ ಆಗಿ ಹೊರಟಿದ್ದರೆ ನಮಗೆ ಸಿಗುತ್ತಿದ್ದುದು ಡ್ರಾಫ್ಟ್‌ನ ನಾಲ್ಕನೇ ಸುತ್ತಿನ ನಂತರದ ಒಂದು ಆಯ್ಕೆ. ತೆರಿಗೆ ಕಟ್ಟುವ ತಂಡಕ್ಕೆ ಕೊಡುವ ಪರಿಹಾರ ಅಷ್ಟೇ.

ಇಂಥ ಕಹಿ ಔಷಧಿಯನ್ನು ಬಾಸ್ಟನ್ ಹಿಂದೆಯೂ ಕುಡಿದಿದೆ. 2012ರ ಆಗಸ್ಟ್‌ನಲ್ಲಿ ಇದೇ ಡಾಡ್ಜರ್ಸ್‌ಗೆ ಏಡ್ರಿಯನ್ ಗೊನ್ಸಾಲೆಸ್, ಕಾರ್ಲ್ ಕ್ರಾಫರ್ಡ್, ಜಾಷ್ ಬೆಕೆಟ್ ಮೂವರನ್ನೂ ಒಟ್ಟಿಗೆ ಕೊಟ್ಟರು. 25 ಕೋಟಿ ಡಾಲರ್‌ಗೂ ಜಾಸ್ತಿ ಸಂಬಳದ ಹೊರೆ ಇಳಿಯಿತು. ಆ ವರ್ಷ ತಂಡ 93 ಪಂದ್ಯ ಸೋತಿತ್ತು. ಮರುವರ್ಷ ಚಾಂಪಿಯನ್ ಆಯಿತು! ಉಳಿದ ದುಡ್ಡಿನಲ್ಲಿ ಮೈಕ್ ನಪೋಲಿ, ಶೇನ್ ವಿಕ್ಟರಿನೊ ಥರದ ಗಟ್ಟಿ ಆಟಗಾರರನ್ನು ಚಿಕ್ಕ ಒಪ್ಪಂದಗಳಲ್ಲಿ ತಂದಿದ್ದರು.

ಬೆಟ್ಸ್ ಹೋದ ಮೇಲೂ ತಂಡ ಸುಮ್ನೆ ಕೂರಲಿಲ್ಲ. 2021ರಲ್ಲಿ 92 ಪಂದ್ಯ ಗೆದ್ದು ಅಮೆರಿಕನ್ ಲೀಗ್‌ನ (ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದು) ಫೈನಲ್ ಸರಣಿ ಮುಟ್ಟಿತು. ವರ್ಡೂಗೊ ಆ ವರ್ಷ .289 ಸರಾಸರಿಯಲ್ಲಿ (ನೂರು ಸರದಿಗೆ ಸುಮಾರು 29 ಹಿಟ್) ಹೊಡೆದರು. ಅದೇ ವರ್ಷ ಸಂಬಳ ಗೆರೆಯ ಕೆಳಗಿತ್ತು. ಅದರ ಫಲ ಏನು ಗೊತ್ತಾ? ರಾಡ್ರಿಗಸ್ ಡೆಟ್ರಾಯಿಟ್‌ಗೆ ಹೋದಾಗ ಪರಿಹಾರವಾಗಿ ಒಳ್ಳೆಯ ಜಾಗದ ಆಯ್ಕೆಯೇ ಸಿಕ್ಕಿತು. 2022ರ ಡ್ರಾಫ್ಟ್‌ನ ಆ 79ನೇ ಆಯ್ಕೆಯಲ್ಲಿ ಬಂದವರೇ ರೋಮನ್ ಆಂಥನಿ. 2025ರ ಆಗಸ್ಟ್‌ನಲ್ಲಿ ಎಂಟು ವರ್ಷಕ್ಕೆ 13 ಕೋಟಿ ಡಾಲರ್ ಕೊಟ್ಟು ಅವರನ್ನು ಉಳಿಸಿಕೊಂಡರು. ಪಿಚರ್ ಗ್ಯಾರೆಟ್ ಕ್ರೋಷೆ ಬಂದಿದ್ದು ಕೂಡ ಮೈನರ್ ಲೀಗ್‌ನಲ್ಲಿ ಬೆಳೆದ ನಾಲ್ವರು ಹುಡುಗರ ಬದಲಿಗೆ. 2025ರಲ್ಲಿ ಅವರು 18 ಪಂದ್ಯ ಗೆದ್ದು 255 ಸಲ ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಮಾಡಿದರು. ಹುಡುಗರೇ ಇಲ್ಲದ ತಂಡ ಇಂಥ ಪಿಚರ್‌ನನ್ನು ತರೋದು ಹೇಗೆ?

ಬೆಟ್ಸ್ ಒಪ್ಪಂದ 2032ರವರೆಗೆ ಇದೆ. ಆ ಸೀಸನ್ ಮುಗಿಯುವಾಗ ಅವರಿಗೆ 40. 2025ರಲ್ಲೇ ಅವರ ಬ್ಯಾಟಿಂಗ್ ಸರಾಸರಿ .258ಕ್ಕೆ ಇಳಿದಿತ್ತು. ಕೊನೆಯ ವರ್ಷಗಳ ಭಾರ ಹೊರಲು ಡಾಡ್ಜರ್ಸ್‌ಗೆ ಆಗಬಹುದು. 2020ರ ಬಾಸ್ಟನ್‌ಗೆ ಆಗುತ್ತಿರಲಿಲ್ಲ.

ವಿರೋಧ: ಇಂಥ ಆಟಗಾರನನ್ನು ಲೆಕ್ಕದ ಪುಸ್ತಕ ನೋಡಿ ಕಳಿಸಬಾರದು

ರೆಡ್ ಸಾಕ್ಸ್ ಮೈದಾನ ಫೆನ್ವೇ ಪಾರ್ಕ್‌ನ ರೈಟ್ ಫೀಲ್ಡ್ ನೋಡಿದವರಿಗೆ ಮೂಕಿ ಬೆಟ್ಸ್ ಅಂದರೆ ಏನೆಂದು ವಿವರಿಸಬೇಕಾಗಿಲ್ಲ. 1912ರ ಮೈದಾನ ಅದು. ಲೆಫ್ಟ್‌ನಲ್ಲಿ 37 ಅಡಿ ಎತ್ತರದ ಹಸಿರು ಗೋಡೆ ಇದೆ. ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಆದರೆ ಫೀಲ್ಡರ್‌ಗೆ ನಿಜವಾದ ಕಷ್ಟ ಇರೋದು ರೈಟ್‌ನಲ್ಲಿ. ಮೂಲೆಯ ಕಂಬ ಬರೀ 302 ಅಡಿ ದೂರ. ಅಲ್ಲಿಂದ ಗೋಡೆ ಬಾಗಿ ಹಿಂದಕ್ಕೆ ಸರಿದು, ಬುಲ್‌ಪೆನ್ (ಪಿಚರ್‌ಗಳು ಸಜ್ಜಾಗುವ ಜಾಗ) ಹತ್ತಿರ 380 ಅಡಿ ಆಗುತ್ತದೆ. ಮಧ್ಯಾಹ್ನದ ಪಂದ್ಯಗಳಲ್ಲಿ ಬಿಸಿಲು ಬೇರೆ. ಅಂಥ ಜಾಗದಲ್ಲಿ ಬೆಟ್ಸ್ 2016ರಿಂದ 2019ರವರೆಗೆ ಸತತ ನಾಲ್ಕು ಗೋಲ್ಡ್ ಗ್ಲವ್ (ಅತ್ಯುತ್ತಮ ಫೀಲ್ಡಿಂಗ್‌ಗೆ ಕೊಡುವ ಪ್ರಶಸ್ತಿ) ಗೆದ್ದರು. ಮೂಲತಃ ಅವರು ಸೆಕೆಂಡ್ ಬೇಸ್ ಆಟಗಾರ! ಆ ಜಾಗದಲ್ಲಿ ಡಸ್ಟಿನ್ ಪೆಡ್ರೋಯಾ ಇದ್ದರು ಅಂತ ಔಟ್‌ಫೀಲ್ಡ್ ಕಲಿತರು.

2011ರ ಡ್ರಾಫ್ಟ್‌ನ ಐದನೇ ಸುತ್ತಿನಲ್ಲಿ ನಾವು ಆರಿಸಿದ ಹುಡುಗ. ನಮ್ಮ ಮೈನರ್ ಲೀಗ್‌ನಲ್ಲೇ ಬೆಳೆದವರು. 2018ರಲ್ಲಿ .346 ಸರಾಸರಿ, 32 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಥರ), 30 ಸ್ಟೋಲನ್ ಬೇಸ್ (ಹಿಟ್‌ಗೆ ಕಾಯದೆ ಓಡಿ ಮುಂದಿನ ಬೇಸ್ ಸೇರೋದು), ಅಮೆರಿಕನ್ ಲೀಗ್‌ನ ಎಂವಿಪಿ, ಅಂದರೆ ಅತ್ಯಂತ ಮೌಲ್ಯಯುತ ಆಟಗಾರ. ಆ ವರ್ಷ ಹ್ಯೂಸ್ಟನ್ ವಿರುದ್ಧದ ಸರಣಿಯ ನಾಲ್ಕನೇ ಪಂದ್ಯದಲ್ಲಿ ಅವರು ಟೋನಿ ಕೆಂಪ್ ಅವರನ್ನು ಸೆಕೆಂಡ್ ಬೇಸ್‌ನಲ್ಲಿ ಔಟ್ ಮಾಡಿದ ಥ್ರೋ ಇದೆಯಲ್ಲ, ಅದು ಬಾಸ್ಟನ್ ಅಭಿಮಾನಿಗಳ ಕಣ್ಣಿನಿಂದ ಮಾಸೋದಿಲ್ಲ. ವರ್ಲ್ಡ್ ಸೀರೀಸ್‌ನ ಎರಡನೇ ಪಂದ್ಯ ಮುಗಿದ ಮೇಲೆ, ನಡುರಾತ್ರಿಯ ಚಳಿಯಲ್ಲಿ ಬಾಸ್ಟನ್ ಪಬ್ಲಿಕ್ ಲೈಬ್ರರಿ ಹತ್ತಿರ ಮಲಗಿದ್ದ ನಿರ್ಗತಿಕರಿಗೆ ಊಟ ತಂದುಕೊಟ್ಟವರೂ ಇವರೇ. ಇಂಥ ಆಟಗಾರ ತಲೆಮಾರಿಗೆ ಒಬ್ಬರು ಸಿಕ್ಕರೆ ಹೆಚ್ಚು.

ಈಗ ದುಡ್ಡಿನ ಮಾತು. ಶೇಕಡಾ ಲೆಕ್ಕ ಕೇಳಿದರೆ ಭಯ ಆಗುತ್ತದೆ, ಅಲ್ವಾ? ನಿಜವಾಗಿ ಕಟ್ಟಿದ್ದು ಎಷ್ಟು ಅಂತ ನೋಡಿ. 2019ಕ್ಕೆ ರೆಡ್ ಸಾಕ್ಸ್ ಕಟ್ಟಿದ ತೆರಿಗೆ ಸುಮಾರು 1.34 ಕೋಟಿ ಡಾಲರ್. ಒಬ್ಬ ಮಧ್ಯಮ ದರ್ಜೆಯ ಪಿಚರ್‌ನ ಒಂದು ವರ್ಷದ ಸಂಬಳದಷ್ಟು. ತಂಡದ ಮಾಲೀಕರು ಜಾನ್ ಹೆನ್ರಿ ಅವರ ಫೆನ್ವೇ ಸ್ಪೋರ್ಟ್ಸ್ ಗ್ರೂಪ್. ಇಂಗ್ಲೆಂಡಿನ ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ ಕೂಡ ಅವರದೇ. ಬೆಟ್ಸ್ ಹೋಗಿ ಎರಡು ವರ್ಷ ತುಂಬುವ ಮೊದಲೇ, 2021ರ ಕೊನೆಯಲ್ಲಿ, ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಐಸ್ ಹಾಕಿ ತಂಡವನ್ನೂ ಕೊಂಡರು. ಬೇಸ್‌ಬಾಲ್‌ನ ಅತಿ ದುಬಾರಿ ಟಿಕೆಟ್‌ಗಳ ಪಟ್ಟಿಯಲ್ಲಿ ಫೆನ್ವೇ ವರ್ಷಗಳಿಂದ ಇದೆ. ಆ ದುಡ್ಡು ಕೊಟ್ಟು ಬರುವ ಜನರಿಗೆ ‘ನಮ್ಮ ಕೈಲಿ ಆಗಲ್ಲ’ ಅಂತ ಹೇಳೋದು ನ್ಯಾಯವಾ?

ಬೆಟ್ಸ್ ಸಹಿ ಹಾಕುತ್ತಿರಲಿಲ್ಲ ಅನ್ನೋದು ಎದುರು ಪಕ್ಷದ ದೊಡ್ಡ ಆಧಾರ. ಆದರೆ 2020ರ ಜುಲೈನಲ್ಲಿ ಏನಾಯಿತು? ಡಾಡ್ಜರ್ಸ್ ಪರ ಒಂದೂ ಲೀಗ್ ಪಂದ್ಯ ಆಡುವ ಮೊದಲೇ, ಫ್ರೀ ಏಜೆಂಟ್ ಆಗುವವರೆಗೂ ಕಾಯದೆ, 12 ವರ್ಷಕ್ಕೆ 36.5 ಕೋಟಿ ಡಾಲರ್‌ಗೆ ಸಹಿ ಹಾಕಿದರು. ಅದರಲ್ಲಿ 11.5 ಕೋಟಿ ಆಮೇಲೆ ಕೊಡುವ ದುಡ್ಡು. ಕೋವಿಡ್ ಬಂದು ಮಾರುಕಟ್ಟೆ ಅಲುಗಾಡಿತು, ಅದಕ್ಕೇ ಒಪ್ಪಿದರು ಅಂತ ಕೆಲವರು ಹೇಳುತ್ತಾರೆ. ಇರಬಹುದು. ಹಾಗಾದರೆ ಅದೇ ಕೋವಿಡ್ ಬಾಸ್ಟನ್‌ಗೂ ಬಂದಿತ್ತು. ಅದೇ ಜುಲೈ ನಮ್ಮದೂ ಆಗಬಹುದಿತ್ತು. ಐದು ತಿಂಗಳು ಕಾಯುವ ತಾಳ್ಮೆ ನಮ್ಮವರಿಗೆ ಇರಲಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾಗೋದು ಟ್ರೇಡ್ ಮಾಡಿದ ರೀತಿಗೆ. ಪ್ರೈಸ್ ಒಪ್ಪಂದದಲ್ಲಿ ಇನ್ನೂ 9.6 ಕೋಟಿ ಡಾಲರ್ ಬಾಕಿ ಇತ್ತು. ಅದರ ಅರ್ಧ ನಾವೇ ಕೊಡುತ್ತೇವೆ, ಉಳಿದ ಅರ್ಧ ನೀವು ಹೊತ್ತುಕೊಳ್ಳಿ ಅಂತ ಅವರನ್ನು ಬೆಟ್ಸ್ ಜೊತೆ ಗಂಟು ಹಾಕಿ ಕಳಿಸಿದರು. ಇದರ ಅರ್ಥ ಸ್ಪಷ್ಟ. ಬೆಟ್ಸ್‌ಗೆ ಬದಲಾಗಿ ಒಳ್ಳೆಯ ಆಟಗಾರರನ್ನು ಕೇಳುವ ಬದಲು, ಬೆಟ್ಸ್‌ರನ್ನು ತೋರಿಸಿ ಹಳೇ ಸಾಲ ಇಳಿಸಿಕೊಂಡರು. ಬಂದ ಮೂವರ ಕತೆ ನೋಡಿ. ಡೌನ್ಸ್ ಬಾಸ್ಟನ್‌ಗೆ ಆಡಿದ್ದು 14 ಪಂದ್ಯ. 2022ರ ಡಿಸೆಂಬರ್‌ನಲ್ಲಿ ಅವರನ್ನು ಕೈಬಿಟ್ಟರು. ವರ್ಡೂಗೊ 2023ರ ಡಿಸೆಂಬರ್‌ನಲ್ಲಿ ನಮ್ಮ ಬದ್ಧ ವೈರಿ ಯಾಂಕೀಸ್ ಪಾಲಾದರು. ವಾಂಗ್ ಒಳ್ಳೆಯ ಕ್ಯಾಚರ್, 2024ರಲ್ಲಿ .280 ಹೊಡೆದರು. ಅಷ್ಟೇ.

ಅತ್ತ ಲಾಸ್ ಏಂಜಲೀಸ್‌ನಲ್ಲಿ? 2020ರ ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯ ನೆನಪಿಸಿಕೊಳ್ಳಿ. ಎದುರಾಳಿ ಟ್ಯಾಂಪಾ ಬೇ 1-0 ಮುಂದಿತ್ತು. ಅವರ ಪಿಚರ್ ಬ್ಲೇಕ್ ಸ್ನೆಲ್ ಅವರ ಪಿಚಿಂಗ್ ಯಾರಿಗೂ ಎಟುಕುತ್ತಿರಲಿಲ್ಲ. ಆರನೇ ಇನಿಂಗ್ಸ್‌ನಲ್ಲಿ ಅವರನ್ನು ತೆಗೆದುಬಿಟ್ಟರು. ಬೆಟ್ಸ್ ಹೊಸ ಪಿಚರ್‌ಗೆ ಡಬಲ್ (ಎರಡು ಬೇಸ್ ಓಡುವ ಹಿಟ್) ಹೊಡೆದರು. ವೈಲ್ಡ್ ಪಿಚ್‌ನಲ್ಲಿ (ಕ್ಯಾಚರ್ ಕೈಗೆ ಸಿಗದ ಎಸೆತ) ಮೂರನೇ ಬೇಸ್ ಸೇರಿದರು, ಅಷ್ಟರಲ್ಲಿ ಮುಂದಿದ್ದ ಜೊತೆಗಾರ ಹೋಮ್ ಮುಟ್ಟಿ ಸ್ಕೋರ್ ಸಮ ಆಯಿತು. ಕೋರಿ ಸೀಗರ್ ಚೆಂಡನ್ನು ನೆಲಕ್ಕೆ ತಾಗಿಸಿ ಹೊಡೆದ ಕ್ಷಣವೇ ಬೆಟ್ಸ್ ಓಡಿದರು. ಥ್ರೋ ಬರುವ ಮೊದಲೇ ಹೋಮ್ ಪ್ಲೇಟ್ ಮುಟ್ಟಿದರು. ಎಂಟನೇ ಇನಿಂಗ್ಸ್‌ನಲ್ಲಿ ಹೋಮ್ ರನ್ ಬೇರೆ. ಕಾಲು, ಕಣ್ಣು, ಬ್ಯಾಟು, ತಲೆ ನಾಲ್ಕೂ ಒಂದೇ ಪಂದ್ಯದಲ್ಲಿ ಕೆಲಸ ಮಾಡಿದವು. ಡಾಡ್ಜರ್ಸ್ ಆ ವರ್ಷ ಗೆದ್ದಿತು. 2024, 2025ರಲ್ಲೂ ಗೆದ್ದಿತು. ಬ್ಯಾಟಿಂಗ್ ಇಳಿದ 2025ರಲ್ಲಿ ಬೆಟ್ಸ್ ಆಡಿದ್ದು ಶಾರ್ಟ್‌ಸ್ಟಾಪ್‌ನಲ್ಲಿ. 30 ದಾಟಿದ ಮೇಲೆ ಔಟ್‌ಫೀಲ್ಡ್ ಬಿಟ್ಟು ಇನ್‌ಫೀಲ್ಡ್‌ನ ಅತಿ ಕಷ್ಟದ ಜಾಗಕ್ಕೆ ಬಂದು ಚಾಂಪಿಯನ್ ತಂಡದಲ್ಲಿ ನಿಲ್ಲೋದು ಎಷ್ಟು ಜನರಿಗೆ ಸಾಧ್ಯ? ಸರಾಸರಿ ಒಂದನ್ನೇ ಹಿಡಿದು ಅವರನ್ನು ಅಳೆಯಬೇಡಿ.

2012ರ ಹೋಲಿಕೆ ಇಲ್ಲಿ ನಿಲ್ಲೋದಿಲ್ಲ. ಕ್ರಾಫರ್ಡ್, ಗೊನ್ಸಾಲೆಸ್ ಹೊರಗಿಂದ ಬಂದವರು. ಕ್ರಾಫರ್ಡ್‌ಗೆ ಬಾಸ್ಟನ್ ಒಗ್ಗಲೇ ಇಲ್ಲ. 27 ವರ್ಷದ, ನಮ್ಮಲ್ಲೇ ಬೆಳೆದ ಎಂವಿಪಿಯನ್ನು ಆ ಸಾಲಿಗೆ ಸೇರಿಸೋದು ಹೇಗೆ? 2021ರ ಆ ಒಳ್ಳೆಯ ಓಟದ ಹಿಂದೆಮುಂದೆ 2020, 2022, 2023 ಮೂರೂ ವರ್ಷ ತಂಡ ಡಿವಿಷನ್‌ನಲ್ಲಿ (ಐದು ತಂಡಗಳ ಗುಂಪು) ಕೊನೆಯ ಸ್ಥಾನದಲ್ಲಿತ್ತು. ಇದನ್ನೂ ಹೇಳಬೇಕು.

ಆಮೇಲೆ ಇದು ಅಭ್ಯಾಸವೇ ಆಯಿತು. ನಾವೇ ಬೆಳೆಸಿದ ಇನ್ನೊಬ್ಬ ಆಟಗಾರ ಸ್ಯಾಂಡರ್ ಬೊಗಾರ್ಟ್ಸ್ 2022ರ ಡಿಸೆಂಬರ್‌ನಲ್ಲಿ ಸ್ಯಾನ್ ಡಿಯಾಗೊಗೆ ಹೋದರು. ವಿಚಿತ್ರ ನೋಡಿ, ಅದೇ 2022ರಲ್ಲಿ ತಂಡ ಗೆರೆಯನ್ನು ಚೂರೇ ಚೂರು ದಾಟಿ, ಆಡಿದ್ದೂ ಕೊನೆಯ ಸ್ಥಾನದಲ್ಲಿ. ಹಾಗಾಗಿ ಬೊಗಾರ್ಟ್ಸ್ ಹೋದದ್ದಕ್ಕೆ ನಮಗೆ ಸಿಕ್ಕ ಪರಿಹಾರದ ಆಯ್ಕೆಯೂ ನಾಲ್ಕನೇ ಸುತ್ತಿನ ನಂತರ. ಬೆಟ್ಸ್‌ರನ್ನು ಬಲಿಕೊಟ್ಟು ಕಾಪಾಡಿದ ಗೆರೆಯನ್ನು ಎಷ್ಟು ಸಲೀಸಾಗಿ ದಾಟಿದರು! ರಫೇಲ್ ಡೆವರ್ಸ್‌ಗೆ 2023ರ ಜನವರಿಯಲ್ಲಿ 31.35 ಕೋಟಿ ಡಾಲರ್ ಕೊಟ್ಟು, ಯಾವ ಜಾಗದಲ್ಲಿ ಆಡಬೇಕು ಅನ್ನೋ ಜಟಾಪಟಿ ಬಗೆಹರಿಸಲಾಗದೆ 2025ರ ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಕಳಿಸಿದರು. 2018ರ ಆ ತಂಡದಲ್ಲಿ ಬ್ಯಾಟಿಂಗ್‌ನ ಜೀವವಾಗಿದ್ದ, ನಾವೇ ಬೆಳೆಸಿದ ಮೂವರೂ ಈಗ ಕ್ಯಾಲಿಫೋರ್ನಿಯಾದಲ್ಲಿದ್ದಾರೆ.

ಆಂಥನಿಗೆ ಬೇಗನೆ ಒಪ್ಪಂದ ಕೊಟ್ಟಿದ್ದು ಒಳ್ಳೆಯ ಕೆಲಸ. ಮನಸಾರೆ ಮೆಚ್ಚುತ್ತೇನೆ. ಅದು 2033ರವರೆಗೆ ನಡೆಯುತ್ತದೆ. ಆಗ ಅವರಿಗೆ 29. ಆಡುವ ವಯಸ್ಸು ಇನ್ನೂ ಬಾಕಿ ಇರುತ್ತದೆ, ಕೇಳುವ ಬೆಲೆಯೂ ದೊಡ್ಡದಿರುತ್ತದೆ. ಮಾಲೀಕರು ಆಗಲೂ ತೆರಿಗೆಯ ಗೆರೆ ತೋರಿಸಿದರೆ ನಾನು ಆಗಲೂ ಇದನ್ನೇ ಹೇಳುತ್ತೇನೆ: ದುಡ್ಡು ಕೊಡಿ, ಹುಡುಗನನ್ನು ಉಳಿಸಿಕೊಳ್ಳಿ.