ಪೆನ್ನು ಎಣಿಸಿ ಸಾಕು

ಅಮೆರಿಕದ ಆರೋಗ್ಯ ವಿಮೆ ಸುಧಾರಣೆಯ ಕತೆ ತಿಳಿಯಲು ದಪ್ಪ ಪುಸ್ತಕ ಬೇಡ. ಪೆನ್ನು ಎಣಿಸಿದರೆ ಸಾಕು.

1994ರ ಜನವರಿಯಲ್ಲಿ ಅಧ್ಯಕ್ಷ ಕ್ಲಿಂಟನ್ ಸಂಸತ್ತಿನ ಮುಂದೆ ನಿಂತು ಒಂದು ಪೆನ್ನು ಎತ್ತಿ ತೋರಿಸಿದರು. ಎಲ್ಲರಿಗೂ ವಿಮೆ ಸಿಗದಂಥ ಮಸೂದೆ ಕಳಿಸಿದಿರೋ, ಈ ಪೆನ್ನಿನಿಂದಲೇ ವಾಪಸ್ ಕಳಿಸುತ್ತೇನೆ ಎಂದರು. ಎಂಥ ಗತ್ತು! ಸಂಸತ್ತು ಆ ಪೆನ್ನಿಗೆ ಒಂದು ಹನಿ ಇಂಕಿನ ಖರ್ಚೂ ತರಲಿಲ್ಲ. ಅರ್ಧ ಮಸೂದೆಯೂ ಬರಲಿಲ್ಲ, ಕಾಲು ಮಸೂದೆಯೂ ಬರಲಿಲ್ಲ. ಕ್ಲಿಂಟನ್ ಅವರದೇ 1,300 ಪುಟ ದಾಟಿದ ಯೋಜನೆ ಸೆಪ್ಟೆಂಬರ್ ಹೊತ್ತಿಗೆ ಕಣ್ಮುಚ್ಚಿತು. ಪೆನ್ನು ಮಾತ್ರ ಹೊಸದಾಗೇ ಉಳಿಯಿತು.

ಅದಕ್ಕೂ 20 ವರ್ಷ ಮೊದಲು ರಿಪಬ್ಲಿಕನ್ ಅಧ್ಯಕ್ಷ ನಿಕ್ಸನ್ ತಾವಾಗೇ ಬಂದು, ನೌಕರರಿಗೆ ಮಾಲೀಕರೇ ವಿಮೆ ಮಾಡಿಸಲಿ ಎಂದಿದ್ದರು. ಡೆಮಾಕ್ರಟ್ ಸೆನೆಟರ್ ಟೆಡ್ ಕೆನಡಿ ಎಲ್ಲರಿಗೂ ಸರ್ಕಾರಿ ವಿಮೆ ಎಂಬ ಪಟ್ಟಿನಿಂದ ಸ್ವಲ್ಪ ಇಳಿದು ಬಂದರೂ ಕಾರ್ಮಿಕ ಸಂಘಗಳು ಒಪ್ಪಲಿಲ್ಲ. ಚುನಾವಣೆ ಆಗಲಿ, ಇನ್ನೂ ಒಳ್ಳೆಯದು ಸಿಗುತ್ತದೆ ಅಂತ. ಚುನಾವಣೆ ಆಯಿತು, ತಮ್ಮವರಾದ ಡೆಮಾಕ್ರಟರು ಭರ್ಜರಿಯಾಗಿ ಗೆದ್ದರು ಕೂಡ. ಒಳ್ಳೆಯದು ಬರಲು ಮತ್ತೆ 36 ವರ್ಷ ಹಿಡಿಯಿತು, ಅಷ್ಟೆ. ಕಾಯೋಣ ಎಂದವರಿಗೆ ವಿಮೆ ಆಗಲೇ ಇತ್ತು ಬಿಡಿ. ಕಾಯಲು ಪುರುಸೊತ್ತೂ ಇತ್ತು.

ಹಾಗಾದರೆ ರಾಜಿಯೇ ಚೆಂದವೇ? 2009ರ ಸೆನೆಟ್, ಅಂದರೆ ಸಂಸತ್ತಿನ ಮೇಲ್ಮನೆ ನೋಡಿ. ಅಧ್ಯಕ್ಷ ಒಬಾಮ ಅವರ ಆರೋಗ್ಯ ವಿಮೆ ಮಸೂದೆ ದಾಟಲು 60 ಮತ ಬೇಕು. ಲೀಬರ್ಮನ್ ಎಂಬ ಒಬ್ಬ ಸೆನೆಟರ್ ಮುಖ ಸಿಂಡರಿಸಿದರು, ಸರ್ಕಾರಿ ವಿಮೆಯ ಆಯ್ಕೆ ಹೋಯಿತು. ಹೋಗಲಿ, 65 ದಾಟಿದವರಿಗಿರುವ ಸರ್ಕಾರಿ ವಿಮೆ ಮೆಡಿಕೇರನ್ನು 55 ದಾಟಿದವರಿಗೂ ಕೊಡೋಣ ಎಂದರು. ಕೆಲವೇ ತಿಂಗಳ ಹಿಂದೆ ಅದನ್ನು ಹೊಗಳಿದ್ದ ಅದೇ ಲೀಬರ್ಮನ್ ಅದಕ್ಕೂ ಬೇಡ ಅಂದರು. ನನಗಂತೂ ತೆರಿಗೆಯ ಭಾಗವೇ ಜಾಸ್ತಿ ಇಷ್ಟ. ಯೋಜನೆಯ ಖರ್ಚಿಗೆಂದು ಮುಖದ ಸುಕ್ಕು ತೆಗೆಸುವಂಥ ಚಿಕಿತ್ಸೆಗಳ ಮೇಲೆ 5% ತೆರಿಗೆ ಎಂದಿದ್ದರು. ಗಲಾಟೆ ಆಯಿತು. ಅದನ್ನು ಕಿತ್ತು, ದೀಪದಡಿ ಮಲಗಿ ಮೈಬಣ್ಣ ಕಂದಾಗಿಸಿಕೊಳ್ಳುವವರ ಮೇಲೆ 10% ಹಾಕಿದರು. ಸುಕ್ಕು ಗೆದ್ದಿತು, ಬಣ್ಣ ಸೋತಿತು. ಇಷ್ಟೆಲ್ಲ ತಗ್ಗಿ ಬಗ್ಗಿದ್ದಕ್ಕೆ ಸಿಕ್ಕ ರಿಪಬ್ಲಿಕನ್ ಮತ: ಸೊನ್ನೆ.

2010ರ ಮಾರ್ಚ್ 23ರಂದು ಒಬಾಮ ಆ ಮಸೂದೆಗೆ ಸಹಿ ಹಾಕಿದರು. ಕೋಟಿಗಟ್ಟಲೆ ಜನ ಆಮೇಲೂ ವಿಮೆಯಿಲ್ಲದೆ ಉಳಿದರು, ಕೋಟಿಗಟ್ಟಲೆ ಜನರಿಗೆ ಸಿಕ್ಕಿತು. ನೆನಪಿಗೆ ಹಂಚಲೆಂದು ಸಹಿಗೆ ಬಳಸಿದ ಪೆನ್ನು 22. ಇಂಗ್ಲಿಷಿನಲ್ಲಿ ಬರಾಕ್ ಒಬಾಮ ಎಂದು ಬರೆದರೆ 11 ಅಕ್ಷರ. ಅಂದರೆ ಪೆನ್ನಿಗೆ ಅರ್ಧರ್ಧ ಅಕ್ಷರ! ಅದರಲ್ಲೂ ರಾಜಿ.

ಕ್ಲಿಂಟನ್ ಅವರ ಆ ಪೆನ್ನನ್ನೂ ತರಿಸಿದ್ದರೆ 23 ಆಗುತ್ತಿತ್ತು. ಇಂಕು ಒಣಗಿರುತ್ತಿತ್ತೋ ಏನೋ.